ಖಜಾನೆಯಲ್ಲಿ ಉಳಿದದ್ದು ಒಂದೇ ಹೊನ್ನು

ಎದುರಾಳಿ ಮಾಂಟೆಜುಮಾನ ಸೆಟ್ಲರ್, ಊರು ಕಟ್ಟುವ ದಳ, ಹೊರಟುಬಿಟ್ಟಿದೆ! ಕಾವಲಿಗೆ ಒಬ್ಬ ಬಿಲ್ಲುಗಾರ. ಕಾಡಂಚು ದಾಟಿ ಬರುತ್ತಿರುವ ದಾರಿ ನೋಡಿದರೆ ಅನುಮಾನವೇ ಬೇಡ, ಅವನ ಕಣ್ಣೂ ಆ ಚಿನ್ನದ ಗುಡ್ಡದ ಮೇಲೆಯೇ. ನನ್ನ ಸೆಟ್ಲರ್‌ಗೆ ಎರಡು ಟರ್ನ್ ದಾರಿ, ಅವನದಕ್ಕೆ ಮೂರು ಇದ್ದೀತು. ನಡುವೆ ಕರಡಿ ಎದುರಾದರೆ? ಯೋಚಿಸಲು ಹೊತ್ತಿಲ್ಲ. ನಡೆ!

ಅದರ ಮಗ್ಗುಲ ಗುಡ್ಡದ ನೆತ್ತಿಯ ಮೇಲೆ ಊರು ಎದ್ದಿತು. ಒಂದು ಚೌಕದಾಚೆ ನಿಂತ ಮಾಂಟೆಜುಮಾನ ಸೆಟ್ಲರ್, ನಮ್ಮ ಗಡಿಯ ಬಣ್ಣ ಹರಡಿದ್ದು ನೋಡಿ, ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿಹೋಯಿತು. ಆಟ ‘ಸಿವಿಲೈಸೇಶನ್ 4’, ಮಟ್ಟ ಎಂಪರರ್, ಸಿಂಹಾಸನದಲ್ಲಿ ಅಶೋಕನಾಗಿ ನಾನು. ಡೆಲ್ಲಿ, ಬಾಂಬೆ, ವಿಜಯನಗರ, ಪಾಟಲಿಪುತ್ರ, ವಾರಾಣಸಿ ಎಂಬ ಹೆಸರುಗಳನ್ನು ಆಟವೇ ಕೊಟ್ಟಿತ್ತು. ಈ ಆರನೆಯ ಊರಿಗೆ ಮಾತ್ರ ನಾನೇ ‘ಸುವರ್ಣಗಿರಿ’ ಎಂದು ಟೈಪಿಸಿದೆ.

ಎಂಟರ್ ಒತ್ತಿದ್ದೇ ತಡ, ಪರದೆಯ ಮೂಲೆಯ ಅಂಕಿ ಕುಸಿಯಿತು. ಟರ್ನ್‌ಗೆ ಮೈನಸ್ 14!

ಇದೇ ಈ ಆಟದ ಅಡಕತ್ತರಿ. 1991ರ ಮೊದಲ ಸಿವಿಲೈಸೇಶನ್‌ನಲ್ಲಿ ಊರು ಹೆಚ್ಚಿದಷ್ಟೂ ಲಾಭ. ಆಟಗಾರರು ಸಂದಿಗೊಂದಿಯಲ್ಲೂ ಊರು ತುರುಕುತ್ತಿದ್ದರು. 2001ರ ಮೂರನೆಯ ಆವೃತ್ತಿ ಅದಕ್ಕೆ ಭ್ರಷ್ಟಾಚಾರದ ಮದ್ದು ಅರೆಯಿತು: ರಾಜಧಾನಿಯಿಂದ ದೂರದ ಊರಿನ ಆದಾಯವೆಲ್ಲ ಸೋರಿಹೋಗುವ ಹಾಗೆ. ಆದರೂ ಜನ ಕಟ್ಟಿಯೇ ಕಟ್ಟಿದರು, ಕೈಯಿಂದ ಏನೂ ಹೋಗುತ್ತಿರಲಿಲ್ಲವಲ್ಲ! 2005ರ ನಾಲ್ಕನೆಯದರಲ್ಲಿ ಮುಖ್ಯ ವಿನ್ಯಾಸಕ ಸೊರೆನ್ ಜಾನ್ಸನ್ ಕೈ ಹಾಕಿದ್ದು ನೇರ ಜೇಬಿಗೆ. ಪ್ರತಿ ಊರೂ ಎರಡು ಲೆಕ್ಕದಲ್ಲಿ ಹಣ ಎಳೆಯುತ್ತದೆ. ಅರಮನೆಯಿಂದ ಇರುವ ದೂರಕ್ಕೆ ಒಂದು, ಒಟ್ಟು ಊರುಗಳ ಸಂಖ್ಯೆಗೆ ಇನ್ನೊಂದು. ಹೊಸದೊಂದು ಎದ್ದರೆ ಹಳೆಯ ಊರುಗಳ ಖರ್ಚೂ ಏರುತ್ತದೆ. ಆದಾಯವೋ, ಆಮೇಲೆ ನಿಧಾನವಾಗಿ. ಊರು ಕಟ್ಟುವುದೆಂದರೆ ಸಾಲ ಎತ್ತಿದಂತೆ. ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ.

ಆದಾಯದ ಎಷ್ಟು ಪಾಲು ಸಂಶೋಧನೆಗೆ ಎಂದು ಹೇಳುವ ಸ್ಲೈಡರನ್ನು ಶೇಕಡಾ 60ರಿಂದ 30ಕ್ಕೆ ಎಳೆದೆ. ಸಾಲದು. ಸೊನ್ನೆಗೆ ಎಳೆದೆ. ಆಗಲೂ ಮೈನಸ್ 3! ಖಜಾನೆಯಲ್ಲಿ 19. ಅದು ಬರಿದಾದರೆ ಸೈನ್ಯ ಮುಷ್ಕರ ಹೂಡುತ್ತದೆ, ದಳಗಳು ಒಂದೊಂದಾಗಿ ಮಾಯವಾಗುತ್ತವೆ. ಉಳಿಸಬಲ್ಲದ್ದು ಒಂದೇ: ಊರಿನ ಮಗ್ಗುಲ ಚೌಕದ ಚಿನ್ನ. ಅಲ್ಲೊಂದು ಗಣಿ ತೋಡಿದರೆ ಬದುಕಿದೆವು. ಕೆಲಸಗಾರನನ್ನು ಅಟ್ಟಿದೆ.

16. ಹಾರೆ ಬೀಳುತ್ತಿದೆ. 13. ಮಂಜಿನಂಚಿನಲ್ಲಿ ಎರಡು ನೆರಳು: ಬಾರ್ಬೇರಿಯನ್ ಕೊಡಲಿಯವರು! 10. ಸುವರ್ಣಗಿರಿಯಲ್ಲಿ ಇರುವುದು ಒಬ್ಬನೇ ಬಿಲ್ಲುಗಾರ. ಬಲ ಅವನದು 3, ಅವರದು 5. ಬೇರೆ ಊರಿಂದ ನೆರವು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. 7. ಗಣಿಗೆ ಇನ್ನೊಂದೇ ಟರ್ನ್ ಕೆಲಸ ಬಾಕಿ, ಕೊಡಲಿಗಳು ಪಕ್ಕದ ಚೌಕಕ್ಕೇ ಬಂದಿವೆ. ಹೊರಗಿದ್ದರೆ ಕೆಲಸಗಾರ ಅವರ ಪಾಲು. ಒಳಗೆ ಬಾ, ಒಳಗೆ!

ಮೊದಲ ಕೊಡಲಿ ನುಗ್ಗಿತು. ಬಿಲ್ಲುಗಾರನಿಗೆ ಊರ ಕಾವಲಿನ ಬಲ, ಗುಡ್ಡದ ಬಲ, ಬೇರೂರಿ ನಿಂತ ಬಲ, ಎಲ್ಲ ಕೂಡಿ ಬಂತು. ಆ ಕೊಡಲಿ ಬಿತ್ತು. ಉಸಿರು ಬಿಡುವಷ್ಟರಲ್ಲಿ ಎರಡನೆಯದು! ಬಿಲ್ಲುಗಾರನ ಜೀವದ ಪಟ್ಟಿ ಅರ್ಧವಾಯಿತು, ಕಾಲಾಯಿತು, ಕೂದಲೆಳೆಯಷ್ಟಾಯಿತು... ಅಲ್ಲಿಗೇ ನಿಂತಿತು. ಎರಡನೆಯ ಕೊಡಲಿಯೂ ಮಣ್ಣು ಮುಕ್ಕಿತು.

4. ಈಗ ಓಡು! ಗುಡ್ಡ ಹತ್ತಲು ಎರಡು ಹೆಜ್ಜೆ ಬೇಕು. ಬೇರೆ ದೇಶದ ಕೆಲಸಗಾರನಿಗೆ ಇರುವುದೇ ಎರಡು. ಅವನು ಹತ್ತಿ ಸುಮ್ಮನೆ ನಿಲ್ಲಬೇಕು, ಹಾರೆ ಎತ್ತುವುದು ಮರು ಟರ್ನ್‌ಗೆ. ಭಾರತದ ‘ಫಾಸ್ಟ್ ವರ್ಕರ್’ಗೆ ಮೂರು ಹೆಜ್ಜೆ. ಹತ್ತಿದವನೇ ಅಗೆಯತೊಡಗಿದ. ಆ ಒಂದು ಹೆಚ್ಚುವರಿ ಹೆಜ್ಜೆಯ ಮೇಲೆ ಇಡೀ ಸಾಮ್ರಾಜ್ಯ ನಿಂತಿತ್ತು.

1. ಗಣಿ ತೆರೆಯಿತು! ಊರಿನ ಏಕೈಕ ಪ್ರಜೆ ಒಳಗಿಳಿದ. ಮೈನಸ್ 3 ಇದ್ದದ್ದು ಪ್ಲಸ್ 4.

ಜೀವ ಉಳಿಯಿತು, ಆದರೆ ಕಾಯಿಲೆ ಹೋಗಲಿಲ್ಲ. ಸ್ಲೈಡರ್ ಸೊನ್ನೆಯಲ್ಲೇ ಕೂತಿದ್ದರೆ ಮಾಂಟೆಜುಮಾ ವಿದ್ಯೆಯಲ್ಲಿ ಮುಂದೋಡುತ್ತಾನೆ, ಒಂದು ದಿನ ಕತ್ತಿ ಹಿಡಿದು ಬರುತ್ತಾನೆ. ಬೇಕಾದದ್ದು ‘ಕೋಡ್ ಆಫ್ ಲಾಸ್’ ಎಂಬ ವಿದ್ಯೆ. ಅದು ಸಿಕ್ಕರೆ ಕೋರ್ಟ್‌ಹೌಸ್. ಕೋರ್ಟ್‌ಹೌಸ್ ಎದ್ದರೆ ಆ ಊರಿನ ನಿರ್ವಹಣಾ ಖರ್ಚು ಅರ್ಧಕ್ಕರ್ಧ. ಡೆಲ್ಲಿಯ ಗ್ರಂಥಾಲಯಕ್ಕೆ ಇಬ್ಬರು ವಿಜ್ಞಾನಿಗಳನ್ನು ಕೂರಿಸಿದೆ. ಅವರ ದುಡಿಮೆಗೂ ಸ್ಲೈಡರಿಗೂ ಸಂಬಂಧವಿಲ್ಲ, ಸೊನ್ನೆಯಲ್ಲೂ ವಿದ್ಯೆ ತೊಟ್ಟಿಕ್ಕುತ್ತದೆ. ನದಿಯ ಇಕ್ಕೆಲಗಳಲ್ಲಿ ಕಾಟೇಜ್ ಹಾಕಿಸಿದೆ. ಹತ್ತು ಟರ್ನ್ ಜನ ಅಲ್ಲಿ ದುಡಿದರೆ ಅದು ಹಟ್ಟಿ, ಮತ್ತೆ ಇಪ್ಪತ್ತಕ್ಕೆ ಹಳ್ಳಿ, ಮತ್ತೆ ನಲವತ್ತಕ್ಕೆ ಪೇಟೆ. ಅಷ್ಟು ತಾಳ್ಮೆ ಮಾಂಟೆಜುಮಾನಿಗಿದೆಯೇ?

ಅಷ್ಟರಲ್ಲಿ ಇನ್ನೊಂದು ಪೆಟ್ಟು. ಡೆಲ್ಲಿ ಕಟ್ಟುತ್ತಿದ್ದ ‘ಒರಾಕಲ್’ ಅದ್ಭುತವನ್ನು ಎಲ್ಲೋ ದೂರದ ದೊರೆ ಮೊದಲೇ ಮುಗಿಸಿಬಿಟ್ಟ! ಆದರೆ ಸೋಲಿನೊಳಗೇ ಗೆಲುವಿತ್ತು. ಈ ಆಟದಲ್ಲಿ ಕೈತಪ್ಪಿದ ಅದ್ಭುತಕ್ಕೆ ಸುರಿದ ದುಡಿಮೆ ವ್ಯರ್ಥವಾಗುವುದಿಲ್ಲ, ಹೊನ್ನಾಗಿ ಖಜಾನೆಗೆ ಬೀಳುತ್ತದೆ. ಅದನ್ನು ಕೂಡಿಡಲಿಲ್ಲ. ಸ್ಲೈಡರನ್ನು ನೂರಕ್ಕೆ ತಳ್ಳಿದೆ! ಟರ್ನ್ ಟರ್ನ್‌ಗೂ ಹಣ ಹರಿದುಹೋಗುತ್ತಿದೆ, ವಿದ್ಯೆಯ ಪಟ್ಟಿ ತುಂಬುತ್ತಿದೆ. ಯಾವುದು ಮೊದಲು? ತಳ ಕಾಣುವ ಮುನ್ನವೇ ಕೋಡ್ ಆಫ್ ಲಾಸ್ ಕೈಗೆ ಬಂತು.

ಅಶೋಕ ಈ ಆಟದಲ್ಲಿ ‘ಆರ್ಗನೈಸ್ಡ್’ ನಾಯಕ. ಅವನ ಊರುಗಳಲ್ಲಿ ಕೋರ್ಟ್‌ಹೌಸ್ ಇಮ್ಮಡಿ ವೇಗದಲ್ಲಿ ಏಳುತ್ತದೆ. ಮೊದಲನೆಯದು ಎಲ್ಲಿ? ಡೆಲ್ಲಿಯಲ್ಲಂತೂ ಅಲ್ಲ, ಅಲ್ಲಿ ಅರಮನೆಯೇ ಇದೆ. ಅತಿ ದೂರದ, ಅತಿ ದುಬಾರಿಯಾದ ಸುವರ್ಣಗಿರಿಯಲ್ಲೇ. ಆಮೇಲೆ ವಾರಾಣಸಿ, ಪಾಟಲಿಪುತ್ರ. ಒಂದೊಂದು ಎದ್ದಾಗಲೂ ಸ್ಲೈಡರ್ ಒಂದೊಂದು ಮೆಟ್ಟಿಲು ಹತ್ತಿತು. ಸಾಕಷ್ಟು ಕೋರ್ಟ್‌ಹೌಸ್ ಆದ ಮೇಲೆ ದೂರದಲ್ಲೊಂದು ‘ಫರ್ಬಿಡನ್ ಪ್ಯಾಲೇಸ್’ ಕಟ್ಟಬಹುದು. ಅದು ಎರಡನೆಯ ಅರಮನೆ. ಆಸುಪಾಸಿನ ಊರುಗಳ ದೂರ ಅಲ್ಲಿಂದಲೇ ಲೆಕ್ಕ.

ನಿಜವಾದ ಅಶೋಕನೂ ಇದನ್ನೇ ಮಾಡಿದ್ದ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಶಾಸನದಲ್ಲಿ ಆಜ್ಞೆ ಹೊರಡುವುದು ಪಾಟಲಿಪುತ್ರದಿಂದಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲವೆಂಬ ಊರಿನ ಮಹಾಮಾತ್ರರಿಗೆ ಕಳಿಸಿದ್ದು ಅದು. ಗಂಗೆಯ ದಡದಲ್ಲಿ ಕೂತು ಕೃಷ್ಣೆಯಾಚೆಯ ನಾಡನ್ನು ಆಳುವುದು ಎಷ್ಟು ದುಬಾರಿ ಎಂಬುದು ಮೌರ್ಯರಿಗೆ ತಿಳಿದಿತ್ತು. ನೆಲ ಗೆದ್ದರೆ ಸಾಲದು, ಆಡಳಿತವನ್ನೂ ಅದರ ಹತ್ತಿರಕ್ಕೆ ಒಯ್ಯಬೇಕು.

ಈಗ ಆಟದಲ್ಲಿ ಕಡಲಾಚೆ ಹೊಸ ಕರಾವಳಿ ಕಂಡಿದೆ. ಮಾಂಟೆಜುಮಾನ ದೋಣಿಯೂ ಅತ್ತಲೇ ತಿರುಗಿದೆ. 2007ರ ‘ಬಿಯಾಂಡ್ ದ ಸ್ವೋರ್ಡ್’ ವಿಸ್ತರಣೆಯಲ್ಲಿ ಬೇರೆ ಖಂಡದ ಊರುಗಳಿಗೆ ವಸಾಹತು ಖರ್ಚೆಂದು ಮತ್ತೊಂದು ಹೊರೆ ಬೀಳುತ್ತದೆ. ಖಜಾನೆ ನೋಡಿದೆ, ಸ್ಲೈಡರ್ ನೋಡಿದೆ, ಬಾಂಬೆಯ ಬಂದರಿನಲ್ಲಿ ಹಡಗು ತಯಾರಿದೆ. ಈ ಸಲ ಸೆಟ್ಲರ್ ಜತೆ ಹತ್ತುವುದು ಇಬ್ಬರು ಬಿಲ್ಲುಗಾರರು, ಒಬ್ಬ ಕೆಲಸಗಾರ, ಮತ್ತು ಮುಂದಿನ ಇಪ್ಪತ್ತು ಟರ್ನ್‌ಗಳ ನಷ್ಟಕ್ಕೆ ತೆಗೆದಿಟ್ಟ ಹೊನ್ನು. ಹಾಯಿ ಬಿಚ್ಚಿ!