"ನೋಡೋಣ" ಅಂದ್ರೆ ಏನು? | ಭಾಗ 4

"ಇಂಟರ್‌ನ್ಯಾಷನಲ್ ಬಿಸಿನೆಸ್ ಜೊತೆ ಜಪಾನೀಸ್ ಯಾಕೆ ತಗೊಂಡೆ?" ಅಂತ ಡಿಎಂನಲ್ಲಿ ಕೇಳ್ತಾನೇ ಇದ್ದೀರ. ಇವತ್ತು ನನ್ನ ಒಂದು ತಪ್ಪಿನ ಕಥೆ ಹೇಳ್ತೀನಿ.

ಕಾಲೇಜು ಸೇರುವಾಗ ಅಪ್ಪ ಒಂದೇ ಮಾತು ಹೇಳಿದ್ರು: "ಎರಡು ದೋಣಿ ಮೇಲೆ ಕಾಲಿಡ್ಬೇಡ ಕಣಮ್ಮ." ತಿಪಟೂರಲ್ಲಿ ಅವರದು ಸಣ್ಣ ಕೊಬ್ಬರಿ ವ್ಯಾಪಾರ.

ಮೊದಲೆರಡು ವರ್ಷ ಅವರ ಮಾತೇ ನಿಜ ಅನ್ನಿಸ್ತು. ಬೆಳಿಗ್ಗೆ ಎಫ್‌ಒಬಿ, ಸಿಐಎಫ್: ಸರಕು ಹಡಗು ಹತ್ತಿದ ಮೇಲೆ ಹಾಳಾದ್ರೆ ನಷ್ಟ ಯಾರದ್ದು, ಇನ್ಶೂರೆನ್ಸ್ ಯಾರು ಕಟ್ಬೇಕು. ಸಂಜೆ ಕಾಂಜಿ. ಒಂದಕ್ಕೊಂದು ಸಂಬಂಧಾನೇ ಇಲ್ಲ. ವ್ಯಾಕರಣ ಮಾತ್ರ ನಮಗೆ ಸುಲಭ. ಕ್ರಿಯಾಪದ ಕನ್ನಡದ ಹಾಗೆ ಕೊನೆಗೆ ಬರುತ್ತೆ. "ಟೋಕಿಯೋಗೆ" ಅನ್ನೋಕೆ "ಟೋಕಿಯೋ ನಿ". ನಮ್ಮ "ಅಲ್ವಾ"ಗೆ ಅವರದು "ನೇ".

ಆದ್ರೂ ಜುಲೈನ ಜೆಎಲ್‌ಪಿಟಿ ಎನ್4ನಲ್ಲಿ ಫೇಲಾದೆ. 180ಕ್ಕೆ 94 ಬಂದಿತ್ತು, ಪಾಸಾಗೋಕೆ 90 ಸಾಕು. ಆದ್ರೆ ಲಿಸನಿಂಗಲ್ಲಿ 60ಕ್ಕೆ 19 ಇರ್ಲೇಬೇಕು. ನಂಗೆ 17. ಡಿಸೆಂಬರ್‌ನಲ್ಲಿ ಮತ್ತೆ ಬರೆದು ಪಾಸಾದೆ.

ಐದನೇ ಸೆಮ್‌ನಲ್ಲಿ ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಇಂಟರ್ನ್‌ಶಿಪ್. ಮಷೀನ್ ಪಾರ್ಟ್ಸ್ ಮಾಡ್ತಾರೆ. ನಾವು ಕಳಿಸಿದ ಕೊಟೇಶನ್‌ಗೆ ಜಪಾನಿಂದ ಮೇಲ್ ಬಂತು. ಕೊನೇ ಸಾಲು: "ಕೆಂತೋ ಇತಶಿಮಸ್." ಡಿಕ್ಷನರಿ ಅರ್ಥ "ಪರಿಶೀಲಿಸುತ್ತೇವೆ". ಅಷ್ಟೇ ಹೇಳಿದ್ರೆ ಸಾಕಿತ್ತು. ನಾನು ಕೆಲಸಕ್ಕೆ ಬರ್ತೀನಿ ಅಂತ ತೋರಿಸೋ ಆಸೆ. "ಪಾಸಿಟಿವ್ ಆಗಿದ್ದಾರೆ ಸರ್" ಅಂತ ನಾನೇ ಸೇರಿಸಿದೆ.

ಟೈಮ್ ಉಳಿಯುತ್ತೆ ಅಂತ ಸರ್ ಸ್ಟೀಲ್ ತರಿಸಿಬಿಟ್ರು. ಆರ್ಡರ್ ಬರಲೇ ಇಲ್ಲ. ನಾನು ದಿನಾ ಓಡಾಡೋ ದಾರಿಯಲ್ಲೇ ಆ ರಾಡ್‌ಗಳು ಬಿದ್ದಿದ್ವು. ಯಾರೂ ಬೈಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಅತ್ತೆ. ಪೂರ್ತಿ ಕೇಳಿಸ್ಕೊಂಡು ಅಂದ್ರು: "ನಮ್ಮಲ್ಲೂ ಅದೇ ಅಲ್ವೇನಮ್ಮ? 'ನೋಡೋಣ ತಗೊಳ್ಳಿ' ಅಂದ್ರೆ ಚೀಲ ಎತ್ಕೊಂಡು ಮುಂದಿನ ಮಂಡಿಗೆ ಹೋಗ್ತಾ ಇರ್ಬೇಕು."

ನಂಗೆ ಮಾತೇ ಹೊರಡಲಿಲ್ಲ. "ಹೈ-ಕಾಂಟೆಕ್ಸ್ಟ್ ಕಲ್ಚರ್, ಎಡ್ವರ್ಡ್ ಹಾಲ್" ಅಂತ ಎಕ್ಸಾಮಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. "ಕೆಂತೋ" ಪದಾನೂ ಗೊತ್ತಿತ್ತು. ಎರಡನ್ನೂ ಸೇರಿಸಿ ಯೋಚ್ನೆ ಮಾಡಿರ್ಲಿಲ್ಲ. ಮಾರ್ಕ್ಸ್ ಕಾರ್ಡಲ್ಲಿ ಎರಡು ಸಬ್ಜೆಕ್ಟ್ ಅಕ್ಕಪಕ್ಕ ಇರುತ್ತೆ ಅಷ್ಟೇ, ಸೇರಿಸೋ ಕೆಲಸ ನಮ್ಮದು.

ಮಾರನೇ ದಿನ ಸರ್‌ಗೆ ಹೋಗಿ ನನ್ನ ತಪ್ಪು ಹೇಳಿದೆ. "ಕೆಂತೋ" ಅಂದ್ರೆ ಪ್ರತಿ ಸಲ "ಬೇಡ" ಅಂತಲ್ಲ, ಆದ್ರೆ ಎಷ್ಟೋ ಸಲ ಅದು ಮರ್ಯಾದೆಯ "ಬೇಡ". ಈಗ ಆ ಪದ ಕಂಡ್ರೆ ಯಾವ ತಾರೀಖಿಗೆ, ಎಷ್ಟು ಪೀಸ್ ಅಂತ ವಾಪಸ್ ಕೇಳ್ತೀನಿ. ಎರಡಕ್ಕೂ ಉತ್ತರ ಬರೋವರೆಗೂ ಅದನ್ನ ಆರ್ಡರ್ ಅಂತ ಲೆಕ್ಕಕ್ಕೆ ಹಿಡಿಯಲ್ಲ.

ಅಪ್ಪ ಈಗ ದೋಣಿ ಮಾತು ಎತ್ತಲ್ಲ. "ಜಪಾನಿನವ್ರು ಕೊಬ್ಬರಿ ತಿಂತಾರಾ?" ಅಂತ ಕೇಳ್ತಾರೆ. ನೋಡೋಣ ಅಂದಿದ್ದೀನಿ 😄

ನಿಮ್ಮ ಮನೆಯಲ್ಲಿ "ಬೇಡ" ಅನ್ನೋದನ್ನ ಹೇಗೆ ಹೇಳ್ತಾರೆ? ಕಮೆಂಟ್ ಮಾಡಿ. ಭಾಗ 5ರಲ್ಲಿ ಲಿಸನಿಂಗ್‌ಗೆ ನಾನು ಹೇಗೆ ಓದಿದೆ ಅಂತ ಬರೀತೀನಿ.

#ಕನ್ನಡದಲ್ಲಿಜಪಾನೀಸ್ #ಡಿಗ್ರಿಡೈರಿ #ತಿಪಟೂರು