ನೋವು ಹೋಗಿತ್ತಲ್ಲ!

ರೂಟ್ ಕೆನಾಲ್‌ನ ಮೊದಲ ಸಿಟ್ಟಿಂಗ್‌ಗೇ ನೋವು ಮಾಯ. ಆಫೀಸಲ್ಲಿ ರಿಲೀಸ್ ಬೇರೆ. ಎರಡನೇ ಸಿಟ್ಟಿಂಗ್‌ಗೆ ಹೋಗಲೇ ಇಲ್ಲ. 2 ತಿಂಗಳಲ್ಲಿ ತಾತ್ಕಾಲಿಕ ಫಿಲ್ಲಿಂಗ್ ಉದುರಿ, ಕೆನ್ನೆ ಊದಿ, ಮತ್ತೆ ಅದೇ ಕುರ್ಚಿ.

ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಡಾಕ್ಟರ್ ಸಿರಿಂಜ್ ಎತ್ತಿದರು. ಅಮ್ಮ ಬಚ್ಚಲು ತೊಳೆಯುವ ದಿನದ ವಾಸನೆ! ಮಾತಾಡುವ ಹಾಗಿಲ್ಲ, ಹುಬ್ಬೇರಿಸಿದೆ. ‘ಹೌದು, ಬ್ಲೀಚಲ್ಲಿರೋದೇ. ಸೋಡಿಯಂ ಹೈಪೋಕ್ಲೋರೈಟ್’ ಅಂದರು.

ಬೇರಿನ ನಾಳ ನೇರ ಪೈಪ್ ಅಲ್ಲವಂತೆ. ಕವಲು, ಸಂದುಗೊಂದು ಬೇಕಾದಷ್ಟು. ಫೈಲ್ ಎಷ್ಟೇ ಉಜ್ಜಿದರೂ ಎಷ್ಟೋ ಗೋಡೆ ಅದಕ್ಕೆ ಸಿಗುವುದೇ ಇಲ್ಲ. ಅಲ್ಲಿ ಉಳಿದ ತಿರುಳನ್ನು ಕರಗಿಸಿ, ಬ್ಯಾಕ್ಟೀರಿಯಾ ಕೊಲ್ಲುವ ಕೆಲಸ ಈ ದ್ರಾವಣದ್ದು. ಉಜ್ಜಿದಾಗ ಗೋಡೆಗೆ ಮೆತ್ತಿದ ಪುಡಿ ತೆಗೆಯಲು ಇಡಿಟಿಎ, ಸಾಮಾನ್ಯವಾಗಿ ಶೇ. 17ರದ್ದು. ಹೈಪೋಕ್ಲೋರೈಟ್ ಬೇರಿನ ತುದಿ ದಾಟಿದರೆ ಮಾತ್ರ ಭಯಂಕರ ನೋವು, ಊತ. ಅದಕ್ಕೇ ಸೂಜಿಯ ತೂತು ಪಕ್ಕದಲ್ಲಿ, ಒತ್ತುವುದೂ ಮೆಲ್ಲಗೆ. (ಇದನ್ನು ಸೂಜಿ ಒಳಗಿದ್ದಾಗಲೇ ಹೇಳಬೇಕಿತ್ತಾ?)

ಎರರ್ ಮೆಸೇಜ್ ನಿಂತ ತಕ್ಷಣ ಟಿಕೆಟ್ ಕ್ಲೋಸ್ ಮಾಡೋ ಜೂನಿಯರ್‌ಗಳಿಗೆ ನಾನು ಬೈತೀನಿ. ನನ್ನ ಹಲ್ಲಿನ ಟಿಕೆಟ್ಟನ್ನು ನಾನೂ ಹಾಗೇ ಕ್ಲೋಸ್ ಮಾಡಿದ್ದೆ.

ಮಂಗಳವಾರ ಸಂಜೆ 5ಕ್ಕೆ ಮತ್ತೆ ಬರಬೇಕು. ಅದೇ ಹೊತ್ತಿಗೆ ರಿಲೀಸ್ ಮೀಟಿಂಗ್. ಡಿಕ್ಲೈನ್ ಒತ್ತಿದ್ದೀನಿ.