ಅಯ್ಯನಕೆರೆಯಲ್ಲಿ ಮಾರ್ನಿಂಗ್ ಷೋ!

ಪರೀಕ್ಷೆ ಮುಗಿದಿದೆ. ಟಾಕೀಸಿಗೆ ಬಂದಿರೋ ಚಿತ್ರವನ್ನು ಎರಡೆರಡು ಸಲ ನೋಡಿಯಾಗಿದೆ. ಹೊಸ ಚಿತ್ರ ಬರೋದು ಮುಂದಿನ ಶುಕ್ರವಾರ. ಅಲ್ಲೀತನಕ ಏನು ಮಾಡೋದು? ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ನಾಲ್ಕು ಜನ ಗೆಳೆಯರು. "ಎಲ್ಲಿಗಾದ್ರೂ ಹೋಗೋಣ ಕಣ್ರೋ" ಅಂತ ಒಬ್ಬ ರಾಗ ಎಳೀತಾನೆ. "ಮುಳ್ಳಯ್ಯನಗಿರಿ?" ಅಂತ ಇನ್ನೊಬ್ಬ. "ಅಲ್ಲಿ ಬೆಟ್ಟ ಕಾಣಲ್ಲ, ಕಾರುಗಳ ಸಾಲು ಕಾಣುತ್ತೆ" ಅಂತ ಮೂರನೆಯವನು. ಆಗ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ನಾಲ್ಕನೆಯವನು ಮೆಲ್ಲಗೆ ಕೇಳ್ತಾನೆ: "ಗಾಳ ಹಾಕೋಕೆ ಹೋಗೋಣ್ವಾ?"

ಕಡೂರು, ತರೀಕೆರೆ, ಅಜ್ಜಂಪುರದ ಗೆಳೆಯರೇ, ಆ ನಾಲ್ಕನೆಯವನ ಮಾತಿಗೆ ಕಿವಿ ಕೊಡಿ. ಖರ್ಚು ಕಡಿಮೆ, ಗಡಿಬಿಡಿ ಇಲ್ಲ, ಟಿಕೆಟ್ಟಿಗೆ ನೂಕುನುಗ್ಗಲಿಲ್ಲ. ಆದರೆ ಮೊದಲ ಸಲ ಹೋಗುವವರು ಒಂದಿಷ್ಟು ತಿಳಿದುಕೊಂಡು ಹೊರಡಬೇಕು. ಮೀನು ಸಿಗದಿದ್ದರೆ ನಷ್ಟವಿಲ್ಲ. ಹೋದವರೆಲ್ಲ ವಾಪಸ್ ಬರಬೇಕು, ಅದು ಮುಖ್ಯ.

ಲೊಕೇಷನ್ ಯಾವುದು?

ಸಿನಿಮಾದವರು ಮೊದಲು ಲೊಕೇಷನ್ ನೋಡ್ತಾರೆ. ನಾವೂ ಹಾಗೇ ಮಾಡೋಣ.

ಅಜ್ಜಂಪುರ ಬಯಲುಸೀಮೆ. ಅಮೃತಮಹಲ್ ರಾಸುಗಳಿಗೆ ಹೆಸರಾದ ಊರು. ಬೇಸಿಗೆ ಬಂತೆಂದರೆ ಆ ಕಡೆಯ ಸಣ್ಣ ಕೆರೆಗಳ ನೀರು ನಡುವಿಗೆ ಸರಿದು, ಅಂಚಿನಲ್ಲಿ ಕೆಸರು ಉಳಿಯುತ್ತೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಇರುವುದೂ ಅಜ್ಜಂಪುರದ ಹತ್ತಿರವೇ. 2019ರಲ್ಲಿ ಭದ್ರೆಯ ನೀರು ಈ ದಾರಿಯಾಗಿ ವಾಣಿವಿಲಾಸ ಸಾಗರದ ಕಡೆ ಹರಿಯತೊಡಗಿತು. ಆದರೆ ನಾಲೆ ಗಾಳ ಹಾಕೋ ಜಾಗವಲ್ಲ. ಗೋಡೆ ಇಳಿಜಾರು, ನೀರಿನ ಸೆಳೆತ ಜಾಸ್ತಿ. ಜಾರಿದರೆ ಹಿಡಿಯೋಕೆ ಒಂದು ಹುಲ್ಲುಕಡ್ಡಿಯೂ ಇರೋಲ್ಲ. ಬೇಡ.

ತರೀಕೆರೆ ಕಡೆ ಲಕ್ಕವಳ್ಳಿಯ ಭದ್ರಾ ಜಲಾಶಯ. 186 ಅಡಿ ತುಂಬಿದಾಗ 71.5 ಟಿಎಂಸಿ ನೀರು, ನೋಡಿದರೆ ಸಮುದ್ರವೇ! ಆದರೆ ಅದರ ಹಿನ್ನೀರಿಗೆ ತಾಗಿಕೊಂಡೇ ಭದ್ರಾ ಅಭಯಾರಣ್ಯ. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಅಭಯಾರಣ್ಯದೊಳಗೆ ಮನಬಂದಂತೆ ಗಾಳ ಹಿಡಿದು ನುಗ್ಗುವಂತಿಲ್ಲ. 1973ರ 'ಗಂಧದ ಗುಡಿ'ಯಲ್ಲಿ ಅಣ್ಣಾವ್ರು ಅರಣ್ಯಾಧಿಕಾರಿಯಾಗಿ ಕಾಡು ಕಾದದ್ದಕ್ಕೆ ಶಿಳ್ಳೆ ಹೊಡೆದವರು ನಾವು. ಆ ಕಾಡಿನೊಳಗೆ ಕಳ್ಳರ ಹಾಗೆ ಹೋಗೋದು ನಮಗೆ ಒಪ್ಪುತ್ತಾ? ಅಣೆಕಟ್ಟು ನೋಡಿ, ಕಣ್ಣು ತುಂಬಿಕೊಳ್ಳಿ. ಗಾಳ ಮನೆಯಲ್ಲಿರಲಿ.

ಉಳಿದದ್ದು ಕಡೂರು. ಈ ತಾಲ್ಲೂಕಿನ ಅದೃಷ್ಟ ನೋಡಿ, ಎರಡು ದೊಡ್ಡ ಕೆರೆ: ಮದಗದಕೆರೆ, ಅಯ್ಯನಕೆರೆ. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದ ನೀರು ಅಯ್ಯನಕೆರೆಗೆ ಬಂದು ವೇದಾ ನದಿಯಾಗಿ ಹೊರಡುತ್ತೆ. ಮದಗದಕೆರೆಯಿಂದ ಅವತಿ. ಎರಡೂ ಕಡೂರಿನ ಹತ್ತಿರ ಸೇರಿ ವೇದಾವತಿ! ಅದೇ ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡ ಕಟ್ಟಿದ್ದು ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದ ಆ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ! ನಿಮ್ಮ ಗಾಳದ ಬೆಂಡು ತೇಲುವ ನೀರಿನ ಬಂಧುಬಳಗ ಅಷ್ಟು ದೊಡ್ಡದು.

ಮೊದಲ ಸಲಕ್ಕೆ ಅಯ್ಯನಕೆರೆಯೇ ಸರಿ. ಕಡೂರು–ಚಿಕ್ಕಮಗಳೂರು ರಸ್ತೆಯಲ್ಲಿ ಸಖರಾಯಪಟ್ಟಣದಲ್ಲಿ ಬಸ್ಸಿಳಿದರೆ ಕೆಲವೇ ಕಿಲೋಮೀಟರ್. ಶಕುನಗಿರಿಯ ಬುಡದಲ್ಲಿ ಹರಡಿಕೊಂಡ ನೀರು, ಏರಿಯ ಮೇಲೆ ತಂಗಾಳಿ, ಕೆಳಗೆ ತೋಟ, ಗದ್ದೆ. ಕ್ಯಾಮೆರಾ ಎಲ್ಲಿಟ್ಟರೂ ಫ್ರೇಮು!

ಮಾತಿಗೆ ಕಟ್ಟುಬಿದ್ದ ಕೆರೆ

ಸಖರಾಯಪಟ್ಟಣವನ್ನು ಆಳಿದ ರುಕ್ಮಾಂಗದ ರಾಯ ಈ ಕೆರೆ ಕಟ್ಟಿಸಿದ ಅನ್ನೋದು ನಂಬಿಕೆ. ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರವಾಯಿತು ಅಂತಾರೆ. ಇದಕ್ಕಿಂತ ಮೈ ಜುಮ್ಮೆನ್ನುವುದು ಈ ಸೀಮೆಯ ಜನ ಹೇಳಿಕೊಂಡು ಬಂದಿರುವ ಹೊನ್ನಬಿಲ್ಲನ ಕಥೆ.

ಹೊನ್ನಬಿಲ್ಲ ಕೆರೆ ಕಾಯುವ ತೋಟಿ. ಒಂದು ರಾತ್ರಿ ಕೆರೆಯ ದೇವತೆ ಎದುರಿಗೆ ನಿಂತು, "ಇವತ್ತು ಏರಿ ಒಡೆದು ಹೊರಟುಬಿಡ್ತೀನಿ" ಅಂದಳಂತೆ. ಇವನು ಕೈ ಮುಗಿದು, "ತಾಯೀ, ಒಡೆಯನಿಗೆ ಸುದ್ದಿ ಮುಟ್ಟಿಸಿ ವಾಪಸ್ ಬರ್ತೀನಿ, ಅಲ್ಲೀತನಕ ತಡಿ" ಅಂದ. ದೇವತೆ ಒಪ್ಪಿದಳು. ಒಡೆಯ ಸುದ್ದಿ ಕೇಳಿದ. ಈ ಹೊನ್ನಬಿಲ್ಲ ವಾಪಸ್ ಹೋಗದಿದ್ದರೆ ದೇವತೆ ಮಾತಿಗೆ ಕಟ್ಟುಬಿದ್ದು ನಿಲ್ಲಲೇಬೇಕಲ್ಲ? ಅಲ್ಲೇ ಅವನ ಪ್ರಾಣ ತೆಗೆಸಿದ. ಕೆರೆ ಉಳಿಯಿತು. ಊರೂ ಉಳಿಯಿತು. ಯಾವ ಚಿತ್ರದ ಕ್ಲೈಮ್ಯಾಕ್ಸಿಗೆ ಕಡಿಮೆ ಹೇಳಿ? ಏರಿಯ ಮೇಲೆ ನಿಂತಾಗ ಈ ಬಡ ತೋಟಿಯನ್ನು ಒಂದು ಕ್ಷಣ ನೆನೆಯಿರಿ.

ಮೀನು ಯಾರದ್ದು?

"ಕೆರೆ ಸರ್ಕಾರದ್ದು, ಮೀನು ದೇವರದ್ದು, ಗಾಳ ನಮ್ಮದು" ಅಂತ ಡೈಲಾಗು ಹೊಡೆಯೋರಿದ್ದಾರೆ. ಚಪ್ಪಾಳೆ ಸಿಗಬಹುದು, ಆದರೆ ಮಾತು ತಪ್ಪು.

ಕಾಟ್ಲಾ, ರೋಹು, ಮೃಗಾಲ್ ಇವು ನಿಂತ ನೀರಿನಲ್ಲಿ ಮರಿ ಮಾಡೋಲ್ಲ. ಮಳೆಗಾಲದಲ್ಲಿ ಹರಿಯುವ ಹೊಳೆ ಬೇಕು. ಹಿಂದೆಲ್ಲ ಹೊಳೆಗಿಳಿದು ಮರಿ ಸೋಸಿ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಹಾರ್ಮೋನ್ ಚುಚ್ಚಿ ಈ ಜಾತಿಯ ಮೀನಿನಿಂದ ಮೊಟ್ಟೆ ಇಡಿಸಿದರು. ದೇಶದಲ್ಲಿ ಜುಲೈ 10 ಮೀನು ಕೃಷಿಕರ ದಿನವಾಗಿರುವುದು ಅದಕ್ಕೇ. ಆಮೇಲೆ ಊರೂರಿನ ಕೆರೆಗೆ ಮರಿ ಬಿಡೋದು ಸಾಧ್ಯವಾಯಿತು. ನಮ್ಮ ಪಕ್ಕದ ಬಿ.ಆರ್. ಪ್ರಾಜೆಕ್ಟಿನಲ್ಲೂ ಮೀನು ಮರಿ ಕೇಂದ್ರವಿದೆ.

ಅಂದರೆ ದೊಡ್ಡ ಕೆರೆಯ ಕಾಟ್ಲಾ ಸುಮ್ಮನೆ ಹುಟ್ಟಿದ್ದಲ್ಲ. ಯಾರೋ ದುಡ್ಡು ಕೊಟ್ಟು ಮರಿ ತಂದು ಬಿಟ್ಟಿದ್ದು. ದೊಡ್ಡ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಸಂಘಕ್ಕೋ ಟೆಂಡರು ಹಿಡಿದವರಿಗೋ ಗುತ್ತಿಗೆ ಕೊಡುತ್ತೆ. ಬೆಳಗಿನ ಜಾವ ತೆಪ್ಪ ಹತ್ತಿ ಬಲೆ ಎತ್ತುವವರ ಮನೆಯ ಅನ್ನ ಅದರಲ್ಲಿದೆ. ಆದ್ದರಿಂದ ಹೊರಡುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಕೆರೆಗೆ ಹೋದ ಮೇಲೆ ಅಲ್ಲಿ ಬಲೆ ಹೊಲಿಯುತ್ತಾ ಕೂತವರನ್ನು ಕೇಳಿ: "ಯಜಮಾನ್ರೇ, ನಾವು ನಾಲ್ಕು ಜನ, ಒಂದು ಗಾಳ ಹಾಕಬಹುದಾ? ಯಾವ ಕಡೆ ಕೂರೋಣ?" ಬೇಡ ಅಂದರೆ ಬೇಡ. ಹೂಂ ಅಂದರೆ, ಹತ್ತು ಪುಸ್ತಕದಲ್ಲಿ ಸಿಗದ ವಿದ್ಯೆ ಆ ಐದು ನಿಮಿಷದಲ್ಲಿ ಸಿಕ್ಕಿತು ಅಂತಲೇ ತಿಳಿಯಿರಿ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯೋದಂತೂ 1897ರ ಕಾಯಿದೆಯಿಂದಲೇ ಅಪರಾಧ.

ಬಾಲ್ಕನಿ, ಸೆಕೆಂಡ್ ಕ್ಲಾಸ್, ಗಾಂಧಿ ಕ್ಲಾಸ್

ಕೆರೆಯೂ ಒಂದು ಟಾಕೀಸೇ! ಮೇಲಿನ ನೀರಿನಲ್ಲಿ ಮೇಯುವ ದೊಡ್ಡ ತಲೆಯ ಕಾಟ್ಲಾ ಬಾಲ್ಕನಿ ಗಿರಾಕಿ. ನಡುನೀರಿನ ರೋಹು ಸೆಕೆಂಡ್ ಕ್ಲಾಸು. ತಳ ಕೆದಕುವ ಮೃಗಾಲ್, ಸಾಮಾನ್ಯ ಗೆಂಡೆ ನಮ್ಮ ಗಾಂಧಿ ಕ್ಲಾಸು. ಇನ್ನು 1952ರಲ್ಲಿ ಭಾರತಕ್ಕೆ ಬಂದ ಜಿಲೇಬಿ ಮೀನು ಟಿಕೆಟ್ಟಿಲ್ಲದೆ ನುಗ್ಗಿದ ಗುಂಪು. ಅಂಚಿನಲ್ಲೇ ಓಡಾಡಿಕೊಂಡು ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತೆ. ಮೊದಲ ಸಲ ಗಾಳ ಹಿಡಿದವನಿಗೆ ಹೆಚ್ಚಾಗಿ ಒಲಿಯೋದು ಇದೇ.

ನೀವು ಬೆಂಡನ್ನು ಎಷ್ಟು ಮೇಲೆ ಕಟ್ಟುತ್ತೀರೋ ಗಾಳ ಅಷ್ಟು ಆಳಕ್ಕೆ ಇಳಿಯುತ್ತೆ. ಯಾವ ಕ್ಲಾಸಿನ ಗಿರಾಕಿ ಬೇಕು ಅನ್ನೋದನ್ನು ಬೆಂಡೇ ತೀರ್ಮಾನಿಸೋದು. ಅರ್ಧ ಗಂಟೆ ಕಚ್ಚದಿದ್ದರೆ ಜಾಗ ಬದಲಿಸುವ ಮೊದಲು ಬೆಂಡು ಸರಿಸಿ ನೋಡಿ.

ಕೊರವನ ವಿಷಯ ಬೇರೆ. ಜೊಂಡಿನ ಹತ್ತಿರ ಕೆಂಪು ಮರಿಗಳ ಗುಂಪು ಮಿಜಿಮಿಜಿ ಅನ್ನುತ್ತಿದ್ದರೆ ಅದರ ಕೆಳಗೇ ತಾಯಿ ತಂದೆ ಕಾವಲಿರುತ್ತವೆ. ಅಲ್ಲಿ ಗಾಳ ಬಿಡಬೇಡಿ. ಕಾವಲು ಹೋದರೆ ಮರಿಗಳೆಲ್ಲ ಬೇರೆ ಮೀನಿನ ಹೊಟ್ಟೆಗೆ. ಚೇಳು ಮೀನು ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ, ಬದಿಯ ರೆಕ್ಕೆಯಲ್ಲಿ ವಿಷದ ಮುಳ್ಳಿದೆ. ಚುಚ್ಚಿದರೆ ತಡೆಯುವಷ್ಟು ಬಿಸಿನೀರಿನಲ್ಲಿ ಕೈ ಇಟ್ಟು, ಡಾಕ್ಟರ ಹತ್ತಿರ ಹೋಗಿ.

ಸಾಮಾನು ಎಷ್ಟು ಬೇಕು?

ಫೋನಿನಲ್ಲಿ ಫಾರಿನ್ ರಾಡುಗಳನ್ನು ನೋಡಿ ಬಾಯಿ ಬಿಡಬೇಡಿ. ಒಂದು ಹದವಾದ ಬಿದಿರು ಕೋಲು, ತಂಗೂಸಿ ದಾರ, ನಾಲ್ಕಾರು ಸಣ್ಣ ಗಾಳ, ಸೀಸದ ಗುಂಡು, ಬೆಂಡು ಇಷ್ಟು ಸಾಕು. ತಂಗೂಸಿಯ ಗಂಟು ಬಿಗಿಯುವ ಮೊದಲು ಎಂಜಲಿನಲ್ಲಿ ಒದ್ದೆ ಮಾಡಿ. ಒಣಗಂಟು ಬಿಗಿದರೆ ದಾರ ಕಾದು, ದೊಡ್ಡ ಮೀನು ಎಳೆದಾಗ ಅಲ್ಲೇ ತುಂಡಾಗುತ್ತೆ.

ಎರೆಹುಳು ತಿಪ್ಪೆಯ ಪಕ್ಕದ ತೇವದ ಮಣ್ಣಿನಲ್ಲಿ ಸಿಗುತ್ತೆ. ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣಿನ ಜೊತೆ ಇಟ್ಟುಕೊಳ್ಳಿ. ಹುಳು ಮುಟ್ಟೋಕೆ ಹೇಸುವವರಿಗೆ ಗಟ್ಟಿಯಾಗಿ ನಾದಿದ ಗೋಧಿಹಿಟ್ಟು ಇದೆ, ರಾತ್ರಿ ಉಳಿದ ಮುದ್ದೆಯೂ ಇದೆ. ಬುತ್ತಿಗೆ ಚಿತ್ರಾನ್ನ, ಕುಡಿಯೋಕೆ ನೀರು, ತಲೆಗೆ ಟವಲ್ಲು. ಇವುಗಳ ಜೊತೆ ಹತ್ತು ಮಾರು ಗಟ್ಟಿ ಹಗ್ಗ, ಬಿರಡೆ ಹಾಕಿದ ಖಾಲಿ ಪ್ಲಾಸ್ಟಿಕ್ ಕ್ಯಾನು. ಇವು ಯಾಕೆ ಅಂತ ಮುಂದೆ ಹೇಳ್ತೀನಿ.

ಕಾಯೋದೇ ಕಥೆ

ಬೇಸಿಗೆಯಲ್ಲಿ ಮೀನಿನ ಷೋ ಎರಡೇ: ಬೆಳಿಗ್ಗೆ ತಂಪಿನಲ್ಲೊಂದು, ಸಂಜೆ ಬಿಸಿಲಿಳಿದ ಮೇಲೊಂದು. ನಡುಹಗಲು ಇಂಟರ್‌ವಲ್ಲು. ಮೀನು ಆಳದ ತಂಪಿಗೆ ಇಳಿಯುತ್ತೆ, ನೀವು ಮರದ ನೆರಳಿಗೆ ಸರಿಯಿರಿ. ಮೊದಲ ಪಯಣಕ್ಕೆ ಮಾರ್ನಿಂಗ್ ಷೋ ಸಾಕು. ಹಿಂದಿನ ದಿನವೇ ಸಖರಾಯಪಟ್ಟಣದ ಕಡೆಯ ಮೊದಲ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿಟ್ಟುಕೊಳ್ಳಿ.

ಬೆಂಡು ಒಮ್ಮೆ ಅಲುಗಿತು ಅಂತ ಎಳೆಯಬೇಡಿ, ಅದು ಬರೀ ಟ್ರೇಲರು! ಮೀನು ಎರೆಯನ್ನು ಮೂಸಿ ನೋಡ್ತಿದೆ. ಬೆಂಡು ಬುಳಕ್ಕನೆ ಮುಳುಗಿತೋ, ಓರೆಯಾಗಿ ಓಡಿತೋ, ಆಗ ಎತ್ತಿ. ಜೋರು ಮಾತು, ಹಾಡು, ಏರಿ ಮೇಲೆ ಧಡಧಡ ಓಡಾಟ ಬೇಡ. ಹೆಜ್ಜೆಯ ಅದುರು ನೀರಿಗೂ ಮುಟ್ಟುತ್ತೆ.

ನಮ್ಮ ಜಿಲ್ಲೆಯ ಪೂರ್ಣಚಂದ್ರ ತೇಜಸ್ವಿ ಗಾಳದ ಹುಚ್ಚಿನವರು. ಅವರ ಕಥೆಗಳಿಂದ 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಬಂತು. ಆಮೇಲೆ ಬಂದ ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ' ದೇಶದ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡಿತು. ನೀರಿನ ಮುಂದೆ ಸುಮ್ಮನೆ ಕೂರಬಲ್ಲವನ ಕಣ್ಣಿಗೆ ಏನೆಲ್ಲ ಬೀಳುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೆ?

ವಿಲನ್ ನೀರಿನೊಳಗಿದ್ದಾನೆ

ಈಗ ಹಗ್ಗ, ಕ್ಯಾನಿನ ಮಾತು. ಪ್ರತಿ ಬೇಸಿಗೆಯಲ್ಲೂ ನಾಡಿನ ಯಾವುದೋ ಕೆರೆಯಲ್ಲಿ ನಿಮ್ಮದೇ ವಯಸ್ಸಿನ ಹುಡುಗರು ಮುಳುಗಿದ ಸುದ್ದಿ ಪೇಪರಿನಲ್ಲಿ ಬರುತ್ತೆ. ಬಹಳ ಸಲ ಒಬ್ಬನಲ್ಲ, ಇಬ್ಬರು, ಮೂವರು. ಯಾಕೆ ಗೊತ್ತಾ? ಒಬ್ಬ ಜಾರುತ್ತಾನೆ, ಅವನನ್ನು ಎಳೆಯೋಕೆ ಈಜು ಬಾರದ ಗೆಳೆಯ ಹಾರುತ್ತಾನೆ. ತೆರೆಯ ಮೇಲೆ ಹೀರೋ ಹಾರಿದರೆ ಕೆಳಗೆ ಈಜುಗಾರರು ಕಾದಿರ್ತಾರೆ. ಇಲ್ಲಿ ಯಾರೂ ಇರೋಲ್ಲ.

ಏರಿಯ ಒಳಮೈ ಕಲ್ಲುಗಳಿಗೆ ಪಾಚಿ ಹಿಡಿದಿರುತ್ತೆ. ಬೇಸಿಗೆಯಲ್ಲಿ ನೀರು ಇಳಿದ ಜಾಗ ಗಟ್ಟಿ ನೆಲದಂತೆ ಕಂಡರೂ ಒಳಗೆ ಸೊಂಟದವರೆಗೆ ಹೂಳು ಇರಬಹುದು. ಮಣ್ಣು ತೆಗೆದ ಗುಂಡಿ ನೀರಿನಡಿ ಕಾಣೋಲ್ಲ. ತೂಬಿನ ಹತ್ತಿರ ಸೆಳೆತ. ಗಾಳ ಬೇರಿಗೆ ಸಿಕ್ಕಿಕೊಂಡರೆ ದಾರ ಕಿತ್ತು ಬಿಡಿ, ಒಂದು ಗಾಳಕ್ಕಾಗಿ ನೀರಿಗಿಳಿಯಬೇಡಿ. ಸೆಲ್ಫಿಗೆ ಅಂತ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. ಬಾಟ್ಲು ತರುವವನನ್ನು ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ಬನ್ನಿ.

ಯಾರಾದರೂ ಜಾರಿದರೆ ಹಾರಬೇಡಿ. ಹಗ್ಗಕ್ಕೆ ಕ್ಯಾನು ಕಟ್ಟಿ ಎಸೆಯಿರಿ, ಬಿದಿರು ಕೋಲು ಚಾಚಿ, ಟವಲ್ಲು ಗಂಟು ಹಾಕಿ ಬಿಡಿ, ತೆಪ್ಪದವರನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿದರೆ ಕೋಲು ಕೆಳಗಿಟ್ಟು ಏರಿಯಿಂದ ಇಳಿಯಿರಿ. ಒಂಟಿ ಮರದಡಿ ನಿಲ್ಲಬೇಡಿ, ಕಟ್ಟಡ ಹುಡುಕಿ.

ಹೊರಡುವಾಗ ತುಂಡು ತಂಗೂಸಿ, ಪ್ಲಾಸ್ಟಿಕ್ಕು ಎಲ್ಲ ಜೇಬಿಗೆ ಹಾಕಿಕೊಳ್ಳಿ. ಆ ದಾರ ಕೊಕ್ಕರೆಯ ಕಾಲಿಗೆ ಸುತ್ತಿದರೆ ಅದು ನರಳಿ ಸಾಯುತ್ತೆ. ಬೆರಳುದ್ದದ ಮರಿ ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು ನೀರಿಗೇ ಬಿಡಿ, ಬರುವ ವರ್ಷ ದೊಡ್ಡ ಪಾತ್ರದಲ್ಲಿ ಬರಲಿ.

ನಾಲ್ಕು ಜಿಲೇಬಿ ಸಿಕ್ಕರೆ ಮನೆಯಲ್ಲಿ ಸಾರು. ಏನೂ ಸಿಗದಿದ್ದರೆ ಬಸ್ಸಿನಲ್ಲಿ ಹೇಳಿಕೊಳ್ಳೋಕೆ ತಪ್ಪಿಸಿಕೊಂಡ ದೊಡ್ಡ ಮೀನಿನ ಕಥೆ. ಅದು ಊರು ಮುಟ್ಟೋ ಹೊತ್ತಿಗೆ ಇನ್ನೂ ಎರಡು ಕೆ.ಜಿ. ಬೆಳೆದಿರುತ್ತೆ ಬಿಡಿ!

ಹೊನ್ನಬಿಲ್ಲ ವಾಪಸ್ ಬರಲಿಲ್ಲ, ಅದಕ್ಕೇ ಕೆರೆ ಉಳಿಯಿತು ಅಂತಾರೆ. ನೀವು ಹಾಗಲ್ಲ. ಬೆಳಿಗ್ಗೆ ಹೊಸಿಲು ದಾಟುವಾಗ "ಅಮ್ಮಾ, ಹೋಗಿ ಬರ್ತೀನಿ" ಅಂದಿರುತ್ತೀರಿ. ಆ ಮಾತು ಉಳಿಸಿಕೊಳ್ಳಿ. ಶುಕ್ರವಾರ ಹೊಸ ಚಿತ್ರ ಬರುತ್ತೆ, ನಾಲ್ಕು ಟಿಕೆಟ್ಟು ಬೇಕಲ್ಲ!